ಕಣದ ಮೇಲೆ ಹಾದುಹೋದ ಹೆಲಿಕಾಪ್ಟರ್

ಸಿಂಚನ, ಚಿರಂತ್, ನಿನ್ನೆ ಪಕ್ಕದ ಹೊಲದಲ್ಲಿ ಯಂತ್ರ ರಾಗಿ ಒಕ್ಕುವಾಗ ಹೊಟ್ಟಿನ ಧೂಳು ಕಿಟಕಿಯಿಂದ ಒಳಗೆ ಬಂತು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದರು...

ನಿಮ್ಮ ತಾತ ತೀರಿಕೊಂಡ ವರ್ಷ ನಮ್ಮ ರಾಗಿಯನ್ನೂ ತೂರಿಕೊಟ್ಟವರು ಅವರು. ಗಾಳಿಗೆ ಬೆನ್ನು ಕೊಟ್ಟು ಮೊರ ಎತ್ತಿದರೆ ಕಾಳು ಕಾಲ ಬಳಿ, ಹೊಟ್ಟು ಆಚೆಗೆ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತದೆ, ನಮಗೆ ಗೊತ್ತಿದ್ದದ್ದು ಅಷ್ಟೇ.

ಆ ಸಲ ಚುನಾವಣೆಗೆಂದು ಯಾರೋ ದೊಡ್ಡವರು ಶಾಂತಿಗ್ರಾಮಕ್ಕೆ ಬರುವವರಿದ್ದರು. ನಮ್ಮ ಕಣದ ಆಚೆಯ ಬಯಲಲ್ಲಿ ಹೆಲಿಕಾಪ್ಟರ್ ಇಳಿಯಲು ಜಾಗ ಮಾಡಿದರು. ಅಕ್ಕನ ವರ್ಷದ ರಾಗಿಯೆಲ್ಲ ಕಣದಲ್ಲೇ ರಾಶಿಯಾಗಿತ್ತು. ಮೂಟೆ ಕಟ್ಟಿ ಸಾಗಿಸಿ ಎಂದು ಪೊಲೀಸಿನವರು ಬಂದು ಹೇಳಿದರು.

“ರಾಶಿ ಪೂಜೆ ಆಗಿಲ್ಲ ಕಣಪ್ಪಾ, ಎಂಗ್ ಎತ್ತಾದು?” ಎಂದರು ಅಕ್ಕ. “ನಿಮ್ ಸಾಯೇಬ್ರು ಗಾಳಿ ತತ್ತಾರೆ ಅಂದ್ರೆ ನಾನೂ ನಾಕ್ ಮೊರ ತೂರ್ಕತೀನಿ ಬುಡು.” ಪೊಲೀಸಿನವರೂ ನಕ್ಕುಬಿಟ್ಟರು.

ರಾಶಿಗೆ ಟಾರ್ಪಾಲು ಹೊದಿಸಿ, ಮೂಲೆಮೂಲೆಗೂ ಹಗ್ಗದಲ್ಲಿ ಕಲ್ಲು ಕಟ್ಟಿದರು. ಹೆಲಿಕಾಪ್ಟರ್ ಆಚೆಯ ಕಡೆಯಿಂದ ಬಂದು ಇಳಿಯಿತು. ಕಣಕ್ಕೆ ಧೂಳಷ್ಟೇ ಬಂತು. ಹೊರಡುವ ಹೊತ್ತಿಗೆ ಎಲೆ ಅಲುಗದಷ್ಟು ಗಾಳಿ ನಿಂತಿತ್ತು. ಈ ಸಲ ಹೆಲಿಕಾಪ್ಟರ್ ನಮ್ಮ ತಲೆಯ ಮೇಲೇ ತೀರ ಕೆಳಗೆ ಹಾದುಹೋಯಿತು. ಅಕ್ಕನೂ ನಾನೂ ಹುಲ್ಲಿನ ಮೆದೆಯ ಮರೆಗೆ ಕೂತಿದ್ದೆವು. ಸದ್ದು ದೂರವಾಯಿತು.

“ಏಳಮ್ಮಿ, ಓಯ್ತು. ಇಷ್ಟೇಯಾ ಇದ್ರ ಗಾಳಿ,” ಎಂದು ಅಕ್ಕ ಎದ್ದು ರಾಶಿಯ ಬಳಿ ಹೋದರು.

ಗಾಳಿ ಬಂದದ್ದು ಆಮೇಲೆ. ಮೇಲಿನಿಂದ ಸುರುಳಿ ಸುತ್ತುತ್ತಾ ಬಿದ್ದು, ನೆಲಕ್ಕೆ ಬಡಿದು, ನೆಲದಗುಂಟ ಉರುಳಿ, ಮತ್ತೆ ಮೇಲೆದ್ದಿತು. ಮೆದೆ ಸೀಳಿತು. ಟಾರ್ಪಾಲು ಒಳಗಿನಿಂದ ಉಬ್ಬಿ, ಹರಿದು, ಗಿರಗಿರನೆ ತಿರುಗಿತು. ಅಕ್ಕ ಅದರ ಅಂಚು ಹಿಡಿಯಲು ಹೋದರು. ಮೂಲೆಗೆ ಕಟ್ಟಿದ್ದ ಕಲ್ಲು ಬೀಸಿ ಬಂದು ಅವರ ಕಣತಲೆಗೆ ಹೊಡೆಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಬೀಳುವ ಮೊದಲೇ ಇನ್ನೊಮ್ಮೆ ಹೊಡೆಯಿತು. ರಾಗಿಯ ಮೇಲೆ ಬೋರಲು ಬಿದ್ದರು. ರಕ್ತ ಹರಿಯಲಿಲ್ಲ, ಅಷ್ಟನ್ನೂ ರಾಗಿ ಕುಡಿಯಿತು...

ಹಾಸನದ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಹಾರುವಂಥದ್ದು ತನ್ನ ಹಿಂದೆ ಸುಳಿ ಬಿಟ್ಟು ಹೋಗುತ್ತದೆ, ಅದು ತಡವಾಗಿ ಇಳಿದು ನೆಲ ತಾಗಿ ಪಕ್ಕಕ್ಕೆ ಹರಡುತ್ತದೆ, ಗಾಳಿಯಾಡದ ಹೊತ್ತಲ್ಲಿ ಬೇಗ ಅಡಗುವುದಿಲ್ಲ ಎಂದು, ಚಿರಂತ್, ನೀನೇ ಮೊನ್ನೆ ಹೇಳಿದೆ. ಅಂದು ನಮಗೆ ಹೇಳುವವರಿರಲಿಲ್ಲ.

ಅವರನ್ನು ಹೊಲದಲ್ಲೇ ಮಣ್ಣು ಮಾಡಿದರು. ನೆಂದ ರಾಗಿಯನ್ನು ಅವರ ಗಂಡ ಬೊಗಸೆಯಲ್ಲಿ ಬಾಚಿ ತಂದು ಗುಂಡಿಗೆ ಸುರಿದರು. ಊದುಬತ್ತಿ ಹಚ್ಚಿ, ರಾಶಿಗೆ ಮಾಡುವ ಪೂಜೆಯನ್ನು ಅಲ್ಲೇ ಮಾಡಿದರು.

ಈಗ ಆ ಕಣದ ಜಾಗದಲ್ಲಿ ಜೋಳ ನಿಂತಿದೆ. ಅಕ್ಕನ ಒಂದು ಫೋಟೊ ಕೂಡ ಯಾರ ಮನೆಯಲ್ಲೂ ಇಲ್ಲ. ಅವರು ಇದ್ದರೆಂದು ಹೇಳಲು ನನ್ನ ಬಳಿ ಇಷ್ಟೇ ಇರುವುದು... ಮಕ್ಕಳೇ, ನಾನು ಹೋದ ಮೇಲೆ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ.