ಸುಮ್ಮನಿರುವ ಕೆಲಸ

ಅರ್ಧ ಆಯುಸ್ಸು ಸಾಮಿಲ್ಲಿನಲ್ಲಿ ಮರ ಕೊಯ್ದ ನಮ್ಮ ಭಾವನಿಗೆ ಕೊನೆಗೆ ಸಿಕ್ಕಿದ್ದು ಏನೂ ಮಾಡದೆ ಇರುವ ಕೆಲಸ. ತಮಾಷೆಗೆ ಹೇಳುತ್ತಿಲ್ಲ. ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ.

ಬಡಾವಣೆ ಆಗಷ್ಟೇ ಎದ್ದಿತ್ತು. ಕತ್ತೆತ್ತಿ ನೋಡಿದರೆ ಕುತ್ತಿಗೆ ನೋಯುವಂಥ ಕಟ್ಟಡಗಳು, ನಡುವೆ ಮಾತ್ರ ಒಂದು ತುಂಡು ನೆಲ ಇದ್ದ ಹಾಗೇ ಉಳಿದಿತ್ತು. ಹಳೆಯ ಮರಗಳು, ಮುಳ್ಳುಪೊದೆ, ಮಳೆಗೆ ತುಂಬಿ ಬಿಸಿಲಿಗೆ ಬತ್ತುವ ಒಂದು ಹೊಂಡ. ಬಡಾವಣೆ ಕಟ್ಟಿದ ಕಂಪನಿಯವರಿಗೆ ಮರದ ಮೇಲೆ ಪ್ರೀತಿ ಉಕ್ಕಿ ಬಿಟ್ಟದ್ದಲ್ಲ. ಅಷ್ಟನ್ನು ಮುಟ್ಟದೆ ಬಿಟ್ಟರೆ ಮಾತ್ರ ಉಳಿದದ್ದರಲ್ಲಿ ಮನೆ ಕಟ್ಟಬಹುದು ಎಂದು ಸರಕಾರ ಷರತ್ತು ಹಾಕಿತ್ತು. ಅದನ್ನು ಕಾಯಲು ಒಬ್ಬ ಆಳನ್ನು ಇಡಬೇಕೆಂಬುದೂ ಷರತ್ತೇ. ಗೇಟಿನ ಪಕ್ಕ ಹೊಲಿಗೆ ಅಂಗಡಿ ಇಟ್ಟಿದ್ದ ನಾನು ಬಾಯಿ ಹಾಕಿ ಆ ಕೆಲಸವನ್ನು ಭಾವನಿಗೆ ಕೊಡಿಸಿದೆ. ಅಕ್ಕ ಭಾವ ಇಬ್ಬರೂ ಬಂದು, ಬೇಲಿಗೆ ಆತುಕೊಂಡಿದ್ದ ತಗಡಿನ ಸೂರಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರು.

ಮೊದಲ ದಿನವೇ ಸರಕಾರದ ಕಡೆಯ ಮೇಡಂ ಒಬ್ಬರು ಬಂದು ಭಾವನ ಜೊತೆ ಆ ನೆಲವನ್ನೆಲ್ಲ ಸುತ್ತಿದರು.

"ಬಿದ್ದ ಎಲೆ ಬಿದ್ದಲ್ಲೇ ಇರ್ಲಿ, ಸತ್ತ ಮರ ನಿಂತಲ್ಲೇ ಇರ್ಲಿ. ಯಾರೂ ಕೈ ಹಾಕ್ದಂಗೆ ನೋಡ್ಕೊಳಿ, ನೀವೂ ಹಾಕ್ಬೇಡಿ. ತಾನಾಗೇ ಬೆಳೆದ ಜಾಗ ಅಂತ ತಾನೇ ಇದನ್ನ ಬಿಡ್ಸಿರೋದು? ತೋಟ ಗೀಟ ಮಾಡ್ಬಿಟ್ರೆ ಆಮೇಲೆ ಇದೂ ಒಂದು ಖಾಲಿ ಸೈಟು ಅಷ್ಟೆ, ನಾನೂ ಉಳ್ಸೋಕಾಗಲ್ಲ."

"ಆಯ್ತಮ್ಮಾ," ಎಂದರು ಭಾವ, ಇಡೀ ಬಡಾವಣೆಗೆ ಕೇಳುವಷ್ಟು ಜೋರಾಗಿ. ಸಾಮಿಲ್ಲು ಅವರ ಕಿವಿಯನ್ನು ಮುಕ್ಕಾಲು ತಿಂದು ಹಾಕಿತ್ತು.

ಮೊದಮೊದಲು ಮರ ಕಂಡರೆ ಸಾಕು, ಭಾವ ಅಂಗೈಯಿಂದ ಅದರ ಮೈ ತಟ್ಟಿ, "ಇದ್ರಲ್ಲಿ ನಾಕು ಬಾಗ್ಲು, ಎರಡು ಕಿಟಕಿ ಬರುತ್ತೆ," ಎನ್ನುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ನಗುತ್ತಿದ್ದೆ. ಆದರೆ ಹೋಯಿತು. ಹೊಂಡದ ದಡದಲ್ಲಿ ಒಂದು ಸತ್ತ ಮರವಿತ್ತು, ತೊಗಟೆ ಉದುರಿ ಬೋಳಾದದ್ದು. ಅದರ ತುದಿಯ ಪೊಟರೆಯಲ್ಲಿ ಮರಕುಟಿಗ ಮನೆ ಮಾಡಿತ್ತು. ಒಂದು ದಿನ ಭಾವ ಆ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದವರು ನನ್ನನ್ನು ಕೈಬೀಸಿ ಕರೆದರು.

"ಬಾ ಇಲ್ಲಿ, ಬೆನ್ನು ಕೊಡು. ಗೊತ್ತಾಗ್ತಿದೆಯಾ?"

ಮೇಲೆ ಹಕ್ಕಿ ಕುಟ್ಟುತ್ತಿತ್ತು. ನನಗೆ ಕಿವಿಯಲ್ಲಿ ಕೇಳುತ್ತಿದ್ದದ್ದು ಅವರಿಗೆ ಬೆನ್ನಲ್ಲಿ ಕೇಳುತ್ತಿತ್ತು. ಎಷ್ಟೋ ವರ್ಷದ ಮೇಲೆ ಅವರಿಗೆ ಕೇಳಿದ ಮೊದಲ ಹಕ್ಕಿ ಅದು. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅಕ್ಕನ ಮದುವೆಯ ದಿನವೂ ಕಂಡಿರಲಿಲ್ಲ. ಅಕ್ಕನಿಗೆ ಹೇಳಿದೆ, ಅವಳಿಗೆ ಸಿಟ್ಟು ಬಂತು.

ಆದರೆ ಮರಕ್ಕೆ ಬೆನ್ನು ಕೊಟ್ಟು ಕೂತ ಆಳು ಜನರ ಕಣ್ಣಿಗೆ ಸೋಮಾರಿಯೇ. ಲಿಫ್ಟು ಒರೆಸುವವಳು ಒರೆಸುತ್ತಾಳೆ, ವಾಚ್‌ಮನ್ ಸೆಲ್ಯೂಟ್ ಹೊಡೆಯುತ್ತಾನೆ, ಇವರೇನು ಮಾಡುತ್ತಾರೆ? ಹುಡುಗರು ಭಾವನಿಗೆ 'ಸುಮ್ನಿರಣ್ಣ' ಎಂದು ಹೆಸರಿಟ್ಟರು. ಬೆಳಗಿನ ವಾಕಿಂಗಿಗೆ ಬರುತ್ತಿದ್ದ ನಿವಾಸಿಗಳ ಸಂಘದ ಅಧ್ಯಕ್ಷರು ಬೇಲಿಯ ಹತ್ತಿರ ನಿಂತು, "ನಮ್ಮ ದುಡ್ಡಲ್ಲಿ ಧ್ಯಾನ ನಡೀತಿದೆ," ಎಂದು ಜೊತೆಯವರಿಗೆ ಹೇಳುತ್ತಿದ್ದರು. ಕೆಟ್ಟವರೇನಲ್ಲ ಅವರು. ಕಸ ಕಂಡರೆ ಆಗದ ಮನುಷ್ಯ, ಕಾಡೆಲ್ಲ ಅವರಿಗೆ ಕಸವಾಗಿ ಕಾಣುತ್ತಿತ್ತು.

ಭಾವನ ಸಂಬಳ ಈಗ ಸಂಘದ ಕೈಯಿಂದಲೇ ಬರುತ್ತಿತ್ತು. ಸಂಘದ ಮುಂದಿನ ಮೀಟಿಂಗಿನಲ್ಲಿ ಆಳನ್ನು ಬದಲಾಯಿಸುತ್ತಾರಂತೆ ಎಂಬ ಸುದ್ದಿ ಬಂತು. ಅಕ್ಕ ಹೆದರಿದಳು. ಇದ್ದ ಒಂದು ಕೋಣೆಯೂ ಹೋದರೆ ಬೀದಿಯೇ ಗತಿ.

"ರೀ, ಮನುಷ್ಯ ಅಂದ್ಮೇಲೆ ಏನಾದ್ರೂ ಮಾಡ್ತಾ ಇರೋಂಗಾದ್ರೂ ಕಾಣ್ಬೇಕು. ಆ ದಾರಿ ಒಂದನ್ನ ಗುಡಿಸಿ, ಎಲೆ ಎತ್ತಿದ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ಪೊರಕೆ ತಂದು ಕೈಗೆ ತುರುಕಿದಳು.

ಭಾವ ದಾರಿ ಗುಡಿಸಿದರು. ಮಾರನೆಯ ಬೆಳಿಗ್ಗೆ ಅಧ್ಯಕ್ಷರು ನಿಂತು ನೋಡಿ, "ಭೇಷ್, ಈಗ ಒಂದು ಲಕ್ಷಣ ಬಂತು ನೋಡಿ," ಎಂದರು. ಜನ್ಮದಲ್ಲಿ ಯಾರಿಂದಲೂ ಭೇಷ್ ಅನ್ನಿಸಿಕೊಂಡವರಲ್ಲ ಭಾವ. ಆ ದಿನ ಎರಡು ಸಲ ಗುಡಿಸಿದರು.

ಅಲ್ಲಿಗೇ ನಿಲ್ಲಬಹುದಿತ್ತು. ಬೆರಳು ತೋರಿಸಿದರೆ ಹಸ್ತ ನುಂಗುವ ಜನ, ನಿಲ್ಲಿಸುತ್ತಾರೆಯೇ? ದಾರಿಯಾದ ಮೇಲೆ ದಾರಿಯ ಅಂಚಿನ ಮುಳ್ಳು, ಮಕ್ಕಳ ಚೆಂಡು ಸಿಕ್ಕಿಹಾಕಿಕೊಳ್ಳುತ್ತದೆಂದು. ಮುಳ್ಳಾದ ಮೇಲೆ ಹೊಂಡ, ಸೊಳ್ಳೆಯೆಂದು. ಹೊಂಡ ಮುಚ್ಚಿ ಹುಲ್ಲು ಹಾಸಿದರು, ಹುಲ್ಲು ಹಾಸಿದ ಮೇಲೆ ಬೆಂಚು ಬೇಡವೇ? ಹುಲ್ಲಿಗೆ ನೆರಳೆಂದು ಹಳೆಯ ಮರಗಳೂ ಒಂದೊಂದಾಗಿ ಹೋದವು. ಭಾವ ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಿದರು. ಸಂಬಳವೂ ಒಂದಿಷ್ಟು ಏರಿತು. ಅಕ್ಕ ಕಿಟಕಿಗೆ ಪರದೆ ಹೊಲಿಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. "ಭಾವ, ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ್ನಂತೆ. ಆ ಮೇಡಂ ಹೇಳಿದ್ದು ಮರ್ತೋಯ್ತಾ?" ಎಂದೆ.

"ಮರೆತಿಲ್ಲ," ಎಂದರು, ಎಂದಿಲ್ಲದ ಮೆಲುದನಿಯಲ್ಲಿ. "ಕೈ ಕಟ್ಕೊಂಡು ಕೂತ್ರೆ ನಮ್ಮನ್ನ ಓಡಿಸ್ತಾರೆ. ಬೇರೆಯವನು ಬಂದು ಎಲ್ಲಾನೂ ಬೋಳಿಸ್ತಾನೆ. ನಾನಿದ್ರೆ ಆ ಹಕ್ಕಿ ಮರ ಒಂದಾದ್ರೂ ಉಳಿಯುತ್ತೆ."

ಅದೂ ಉಳಿಯಲಿಲ್ಲ. ಮಗುವಿನ ಮೇಲೆ ಬಿದ್ದರೆ ಯಾರು ಹೊಣೆ ಎಂದು ಅಧ್ಯಕ್ಷರು ಕೇಳಿದಾಗಲೆಲ್ಲ ಭಾವ ಗರಗಸ ಮೊಂಡಾಗಿದೆ, ಕೈ ನೋಯುತ್ತಿದೆ ಎಂದು ಏನೇನೋ ನೆಪ ಹೇಳಿ ಒಂದು ಮಳೆಗಾಲ ತಳ್ಳಿದರು. ಕೊನೆಗೆ ಅಧ್ಯಕ್ಷರು ಹೊರಗಿನಿಂದ ಮರ ಕಡಿಯುವವರನ್ನು ಗೊತ್ತು ಮಾಡಿದಾಗ, "ಬೇಡ ಸ್ವಾಮಿ, ನಾನೇ ಕಡೀತೀನಿ," ಎಂದರು ಭಾವ. ಬೆಳಿಗ್ಗೆಯಿಂದ ಮರಕ್ಕೆ ಬೆನ್ನು ಕೊಟ್ಟು ಕೂತರು. ಹಕ್ಕಿ ಹಾರಿ ಹೋಗಿ, ಬೆನ್ನಿಗೆ ಏನೂ ಕೇಳದಾದ ಮೇಲೆ ಎದ್ದು ಗರಗಸ ಹಚ್ಚಿದರು. ಕೆಳಗಿನ ಹುಲ್ಲೂ ನಲುಗದ ಹಾಗೆ ಮಲಗಿಸಿದರು ಮರವನ್ನು. ನೋಡಿದವರು ಚಪ್ಪಾಳೆ ತಟ್ಟಿದರು. ನಾನು ಅಂಗಡಿಗೆ ಬಂದು ಮೆಷಿನ್ನಿನ ಮುಂದೆ ಕೂತು ಅತ್ತೆ.

ಎಷ್ಟೋ ವರ್ಷಗಳ ಮೇಲೆ ಮೇಡಂ ಮತ್ತೆ ಬಂದಾಗ ಅವರ ಕೂದಲು ನರೆತಿತ್ತು. ಹುಲ್ಲು ನೋಡಿದರು, ಬೆಂಚು ನೋಡಿದರು, ಕತ್ತರಿಸಿ ಗುಂಡಗೆ ಮಾಡಿದ ಗಿಡ ನೋಡಿದರು. ಭಾವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನು ಇಲ್ಲಿ ಉಳಿಸ್ಕೊಳ್ಳೋಕೆ ಏನಿದೆ ಹೇಳಿ," ಎಂದು ಹೊರಟುಹೋದರು.

ಅಷ್ಟು ದಿನ ತುಟಿ ಬಿಚ್ಚದೆ ಕಾದಿದ್ದ ಕಂಪನಿಗೆ ಅಷ್ಟೇ ಬೇಕಿತ್ತು. ಕಾಡೇ ಇಲ್ಲದ ಮೇಲೆ ಕಾಡಿನ ಷರತ್ತು ಎಲ್ಲಿಯದು ಎಂದು ಅರ್ಜಿ ಹಾಕಿ, ಇನ್ನೊಂದು ಕಟ್ಟಡಕ್ಕೆ ಅನುಮತಿ ತಂದಿತು. ಜೆಸಿಬಿ ಒಳಗೆ ಬಂದ ದಿನ ನಿವಾಸಿಗಳೆಲ್ಲ ಕೆಳಗಿಳಿದು ಕೂಗಾಡಿದರು. ಅಧ್ಯಕ್ಷರು ನಿಜವಾಗಿಯೂ ಕಣ್ಣೀರು ಹಾಕಿದರು. ಆಮೇಲೆ ಭಾವನ ಕಡೆ ಕೈ ತೋರಿಸಿ, "ಬೇಲಿನೇ ಎದ್ದು ಹೊಲ ಮೇಯ್ದ್ರೆ ಇನ್ಯಾರಿಗೆ ಹೇಳೋದು?" ಎಂದರು. ಭಾವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಅವರು ಇಲ್ಲ ಎನ್ನುತ್ತಿರಲಿಲ್ಲ.

ಕೆಲಸ ಹೋಗಲಿಲ್ಲ. ಇಷ್ಟು ದುಡಿಯುವ ಆಳನ್ನು ಯಾರು ಬಿಡುತ್ತಾರೆ? ಹೊಸ ಕಟ್ಟಡದ ಅಡಿಯಲ್ಲಿ, ನೆಲದೊಳಗೆ, ಕಾರು ನಿಲ್ಲಿಸುವ ಜಾಗ ನೋಡಿಕೊಳ್ಳಲು ಇಟ್ಟುಕೊಂಡರು. ಸಿಮೆಂಟಿನ ಕಂಬಗಳ ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಅಕ್ಕನ ಪರದೆಗೆ ಅಲ್ಲಿ ಜಾಗವಿಲ್ಲ.

ಅಲ್ಲಿ ಭಾವ ದಿನವಿಡೀ ಗುಡಿಸುತ್ತಾರೆ. ಎಲೆ ಬೀಳುವ ಜಾಗವಲ್ಲ, ಗಾಳಿಯೂ ಬರುವುದಿಲ್ಲ, ಆದರೂ ಗುಡಿಸುತ್ತಾರೆ. ಅಕ್ಕ ಒಂದು ದಿನ ಪೊರಕೆ ಬಚ್ಚಿಟ್ಟಳು. "ರೀ, ಸಾಕು, ನಿಮ್ಮ ದಮ್ಮಯ್ಯ, ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳಿ," ಎಂದು ಕೈ ಹಿಡಿದು ಒಂದು ಕಂಬದ ಹತ್ತಿರ ಕೂರಿಸಿದಳು. ಭಾವ ಬೆನ್ನನ್ನು ಕಂಬಕ್ಕೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೂತರು. ಅಕ್ಕನೂ ನಾನೂ ಎದುರಿಗೇ ನಿಂತಿದ್ದೆವು.

"ಏನೂ ಇಲ್ಲ," ಎಂದು ಎದ್ದರು. ಮಾರನೆಯ ದಿನ ಹೊಸ ಪೊರಕೆ ಕೊಂಡು ತಂದರು.