ಮಾಸ್ತರ ಮನೆಯ ದಪ್ಪ ರೊಟ್ಟಿ

ಜೋಳದ ರೊಟ್ಟಿ ಚಂದ್ರಬಿಂಬದಂತೆ ದುಂಡಗಿರಬೇಕೆಂದು ಯಾರು ವಿಧಿಸಿದರೋ ನಾನರಿಯೆ. ಹೇಗೂ ಮುರಿದು ಬಾಯಿಗಿಡುವ ಪದಾರ್ಥಕ್ಕೆ ಆಕಾರದ ಹಂಗೇಕೆ ಎಂಬ ನನ್ನ ತರ್ಕವನ್ನು ನೀವು ಒಪ್ಪಬಹುದು. ಬೈಲಹೊಂಗಲದ ನಮ್ಮ ಓಣಿಯ ಹೆಂಗಸರು ಒಪ್ಪಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ, ಹೈಸ್ಕೂಲು ಮಾಸ್ತರರ ಹೆಂಡತಿಯಾಗಿ ಮೈಸೂರಿನ ಕಡೆಯಿಂದ ನಾನು ಅಲ್ಲಿಗೆ ಬಂದಿಳಿದಾಗ, ಅನ್ನ-ಸಾರಿನಲ್ಲಿ ಗಳಿಸಿದ್ದ ಪಾಂಡಿತ್ಯವೆಲ್ಲ ರೊಟ್ಟಿಯ ಹಂಚಿನ ಮುಂದೆ ನಿರರ್ಥಕವಾಯಿತು.

ಊರ ಹೊರಗೆ ಹೆಣ್ಣುಮಕ್ಕಳ ಅನಾಥಾಶ್ರಮವೊಂದಿತ್ತು. ದಾನಿಗಳು ಕೊಟ್ಟ ಕಾಳುಕಡಿ, ಬಟ್ಟೆಬರೆಗಳ ಮೇಲೆ ನಡೆಯುತ್ತಿದ್ದ ಅದಕ್ಕೆ ಗುರುವಾರದ ರೊಟ್ಟಿ ನಮ್ಮ ಓಣಿಯದು. ಪ್ರತಿ ಮನೆಯವರೂ ಬಡಿದ ರೊಟ್ಟಿಗಳನ್ನು ಪಕ್ಕದ ಮನೆಯ ಗೌರವ್ವನವರು ಬುಟ್ಟಿಯಲ್ಲಿ ಒಯ್ದು ಮುಟ್ಟಿಸುತ್ತಿದ್ದರು. ಉಳಿದವರ ರೊಟ್ಟಿಗಳು ಒಂದೇ ಅಚ್ಚಿನಿಂದ ಬಂದಂತಿದ್ದರೆ, ನನ್ನವು ಒಂದೊಂದೂ ಒಂದೊಂದು ದೇಶದ ನಕಾಶೆ. ದಪ್ಪದ ವಿಷಯದಲ್ಲಿ ಮಾತ್ರ ಅವುಗಳಲ್ಲಿ ಒಮ್ಮತ. ಗುಪ್ತದಾನದ ಪುಣ್ಯವನ್ನು ನನ್ನಷ್ಟು ನಿಷ್ಠೆಯಿಂದ ಯಾರೂ ಸಂಪಾದಿಸಿರಲಾರರು: ಅವನ್ನು ಬುಟ್ಟಿಯ ತಳಕ್ಕೇ ತೂರಿಸುತ್ತಿದ್ದೆ.

ಆರು ತಿಂಗಳಲ್ಲಿ ನನ್ನ ಧೈರ್ಯ ಉಡುಗಿತು. ದಿಕ್ಕಿಲ್ಲದ ಮಕ್ಕಳೆಂದು ಇಂಥದ್ದನ್ನು ತಿನ್ನಿಸುವುದು ಅನ್ಯಾಯವೆಂದು ನನಗೆ ನಾನೇ ಹೇಳಿಕೊಂಡು, ರೊಟ್ಟಿಯ ಬದಲು ಅಕ್ಕಿ ಕಳಿಸತೊಡಗಿದೆ. ಮೂರನೆಯ ಗುರುವಾರ ಗೌರವ್ವನವರ ಹಿಂದೆಯೇ ಆಶ್ರಮದ ಹುಡುಗಿಯೊಬ್ಬಳು ನಮ್ಮ ಬಾಗಿಲಿಗೆ ಬಂದಳು. ಹೆಸರು ಕಸ್ತೂರಿ, ಹನ್ನೆರಡರ ಪ್ರಾಯ.

"ಅಕ್ಕಾರ, ನಿಮ್ಮ ರೊಟ್ಟಿ ಯಾಕ ಬರಲಿಲ್ರಿ?" ಎಂದಳು.

ನನಗೆ ಬಡಿಯಲು ಚೆನ್ನಾಗಿ ಬರುವುದಿಲ್ಲವಲ್ಲ ಎಂದೆ. ಹೌದೆಂದು ತಲೆಯಾಡಿಸಿದಳು; ಉಪಚಾರದ ಸುಳ್ಳು ಅವಳಿಗೆ ತಿಳಿಯದು.

"ಬ್ಯಾರೇವು ಎಲ್ಲಾ ಒಂದ ನಮೂನಿ ಇರ್ತಾವ್ರಿ. ಯಾರ ಮನೀವು ಅಂತ ತಿಳಿಯಂಗಿಲ್ಲ. ನಿಮ್ಮವು ಗುರ್ತ ಸಿಗ್ತಾವ. ಮಾಸ್ತರ ಮನಿ ರೊಟ್ಟಿ ಅಂತ ನಾವೆಲ್ಲಾ ಹಂಚಕೊಂಡ ತಿಂತೇವ್ರಿ."

ಆ ಮಕ್ಕಳ ತಟ್ಟೆ, ಲಂಗ, ಹಾಸಿಗೆ ಎಲ್ಲವೂ 'ದಾನಿಗಳಿಂದ' ಬಂದವು, ಮತ್ತು ದಾನಿಗಳೆಂದರೆ ಮುಖವಿಲ್ಲದ ಬಹುವಚನ. ಅದರೊಳಗಿಂದ ಒಬ್ಬ ಹೆಂಗಸನ್ನು ಏಕವಚನಕ್ಕೆ ಇಳಿಸಿ ಅವರ ಮುಂದೆ ನಿಲ್ಲಿಸಿದ್ದು ನನ್ನ ಕೈಯ ಅಸಾಮರ್ಥ್ಯ!

ಮರುವಾರದಿಂದ ಗೌರವ್ವನವರ ಜೊತೆ ನಾನೂ ಬುಟ್ಟಿ ಹೊತ್ತೆ. ಭಾನುವಾರಗಳಲ್ಲಿ ಆಶ್ರಮಕ್ಕೆ ಹೋಗಿ ಸಣ್ಣವರ ತಲೆ ಬಾಚಿ, ದೊಡ್ಡವರಿಗೆ ಇಂಗ್ಲಿಷ್ ಪಾಠ ಹೇಳಿಕೊಡುತ್ತಿದ್ದೆ. ಪ್ರತಿಯಾಗಿ ಕಸ್ತೂರಿ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು. ದಯೆಯಿಲ್ಲದ ಗುರು, ಹರಿದದ್ದನ್ನು ಮುದ್ದೆಮಾಡಿ ಮತ್ತೆ ನನ್ನ ಮುಂದೆಯೇ ಇಡುತ್ತಿದ್ದಳು.

ಹತ್ತೊಂಬತ್ತಕ್ಕೆ ಅವಳಿಗೆ ತೊರಗಲ್ಲಿನ ನೇಕಾರರ ಮನೆಯ ವರ ಗೊತ್ತಾದ. ಮದುವೆಯ ದಿನ ಉಡಿ ತುಂಬಲು ತಾಯಿಯ ಸ್ಥಾನದಲ್ಲಿ ಯಾರು ನಿಲ್ಲುವಿರೆಂದು ಆಶ್ರಮದವರು ಕೇಳಿದಾಗ ಓಣಿಯ ಹೆಂಗಸರೆಲ್ಲ ಒಟ್ಟಿಗೇ ಮುಂದೆ ಬಂದರು. ನನಗೆ ಸಂತೋಷವಾಯಿತು, ನಿಜ ಹೇಳಬೇಕೆಂದರೆ, ತುಸು ಹೊಟ್ಟೆಕಿಚ್ಚೂ ಆಯಿತು.

ಆ ವರ್ಷದ ಶ್ರಾವಣ. ನಾಗರ ಪಂಚಮಿಯ ಹಿಂದಿನ ದಿನ, ಮನೆಮನೆಗೂ ರೊಟ್ಟಿ ಬೀರುವ ಸಡಗರ. ಓಣಿಯ ಹೆಣ್ಣುಮಕ್ಕಳು ಗಂಡನ ಮನೆಯಿಂದ ತವರಿಗೆ ಬಂದಿಳಿಯುತ್ತಿದ್ದರು; ಹಬ್ಬಕ್ಕೆ ಬಂದ ಮಗಳು ಆಡಲೆಂದು ತವರಿನವರು ತೊಲೆಗೆ ಜೋಕಾಲಿ ಕಟ್ಟುವುದು ಅಲ್ಲಿನ ವಾಡಿಕೆ. ಮಕ್ಕಳಿಲ್ಲದ ನಾನು ಯಾರ ದಾರಿಯನ್ನೂ ಕಾಯದೆ ಒಲೆಯ ಮುಂದಿದ್ದೆ. ಬಾಗಿಲಲ್ಲಿ ಕಸ್ತೂರಿ, ಕಂಕುಳಲ್ಲಿ ಬಟ್ಟೆಯ ಗಂಟು.

ಆಶ್ರಮಕ್ಕೆ ಹೋಗಿದ್ದೆಯಾ ಎಂದು ಕೇಳಿದೆ. ನಾಳೆ ಹೋಗುವೆನೆಂದಳು. ಅತ್ತೆಯ ಮನೆಯಲ್ಲಿ ಏನೆಂದು ಹೇಳಿ ಬಂದೆ ಎಂದೆ.

"ತವರಮನಿಗೆ ಹೊಂಟೇನಿ ಅಂತ ಹೇಳಿ ಬಂದೇನ್ರಿ," ಎಂದವಳು ಗಂಟನ್ನು ಕೆಳಗಿಡದೆಯೇ, "ನಾಕ ದಿನ ಇರ್ಲೇನ್ರಿ?" ಎಂದಳು.

ಗಂಟನ್ನು ಇಸಿದುಕೊಂಡು ಒಳಗಿಟ್ಟೆ. ಶಾಲೆಯಿಂದ ಆಗಷ್ಟೇ ಬಂದು ಕೋಟು ಬಿಚ್ಚುತ್ತಿದ್ದ ನಮ್ಮ ಯಜಮಾನರನ್ನು ಪುನಃ ಪೇಟೆಗೆ ಅಟ್ಟಿದೆ, ಜೋಕಾಲಿಗೆ ಗಟ್ಟಿ ಹಗ್ಗ ತರಲು. ಏಳು ಪಂಚಮಿ ಕಳೆದಿದ್ದ ಆ ಮನೆಯ ತೊಲೆಗೆ ನಾವು ಅದುವರೆಗೆ ಜೋಕಾಲಿ ಕಟ್ಟಿರಲಿಲ್ಲ.