ಮರದ ದೋಣಿಗೆ ಬಾಡಿ ಅರ್ತು

ನಮ್ಮ ಚಿಕ್ಕಪ್ಪನ ಅಂಗಿಗಳೆಲ್ಲ ಹೊಟ್ಟೆಯ ಹತ್ತಿರ ಜರಡಿಯಾಗಿದ್ದವು. ಗಾಡಿಯ ಬ್ಯಾಟರಿಯನ್ನು ಮಗುವಿನ ಹಾಗೆ ಅವುಚಿಕೊಂಡು ನಡೆಯುವ ಅಭ್ಯಾಸ ಅವರಿಗೆ. ಆಸಿಡ್ ತುಳುಕಿದಲ್ಲೆಲ್ಲ ತೂತು. ನನ್ನ ಮದುವೆಗೆಂದು ಹೊಲಿಸಿದ ಬಿಳಿ ಅಂಗಿ ಅವತ್ತಿನ ಊಟದ ಹೊತ್ತಿನವರೆಗೂ ಬಾಳಲಿಲ್ಲ. ಛತ್ರದ ಹೊರಗೆ ಯಾರದೋ ವ್ಯಾನು ಸ್ಟಾರ್ಟಾಗದೆ ನಿಂತಿತ್ತು, ಇವರು ಸುಮ್ಮನಿರುವ ಆಸಾಮಿಯೇ? ಚಿಕ್ಕಮ್ಮ ಬೈದರೆ, "ಒಸಿ ಗಾಳಿ ಆಡ್ಲಿ ಬುಡು" ಎಂದು ನಕ್ಕರು.

ಚಿನಕುರಳಿಯ ರಸ್ತೆ ಬದಿಯಲ್ಲಿ ಅವರ ಅಂಗಡಿ. ಟ್ರಾಕ್ಟರು, ಜಲ್ಲಿ ಲಾರಿ, ಎಲ್ಲದರ ವೈರಿಂಗೂ ಅವರದೇ. ಜಂಬಕ್ಕೇನೂ ಕಡಿಮೆಯಿರಲಿಲ್ಲ. "ಈ ಸೀಮೇಲಿ ಕತ್ಲಲ್ಲಿ ಓಡೋ ಗಾಡಿಯೆಲ್ಲ ನನ್ ಬೆಳಕಲ್ಲೇ ಓಡೋದು ಕಣವ್ವ" ಅನ್ನುತ್ತಿದ್ದರು. ಹಾರನ್ನುಗಳೆಂದರೆ ಪ್ರಾಣ. ಯಾವ ಗಾಡಿ ಬಂದರೂ ಮೊದಲು ಹಾರನ್ ಒತ್ತಿ, ಗಾಯಕರ ಗಂಟಲು ಪರೀಕ್ಷಿಸುವವರಂತೆ ತಲೆ ವಾಲಿಸಿ ಕೇಳುತ್ತಿದ್ದರು.

ನನ್ನನ್ನು ಕೊಟ್ಟಿದ್ದು ಕೆ.ಆರ್. ಪೇಟೆ ಕಡೆಯ, ಕನ್ನಂಬಾಡಿ ಹಿನ್ನೀರಿನ ಊರಿಗೆ. ನಮ್ಮ ಯಜಮಾನರಿಗೆ ಹೊಲವಿತ್ತು, ಆದರೆ ಮನಸ್ಸೆಲ್ಲ ನೀರಿನ ಮೇಲೆ. ಒಂದು ಸಣ್ಣ ಮರದ ದೋಣಿ ಇಟ್ಟುಕೊಂಡು, ಬೆಳಕು ಹರಿಯುವ ಮೊದಲೇ ಬಲೆ ಎತ್ತಲು ಹೋಗುತ್ತಿದ್ದರು. ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಮೈಯೆಲ್ಲ ಒದ್ದೆಯಾಗಿ, ತುಟಿ ನೀಲಿಗಟ್ಟಿ ಮನೆಗೆ ಬಂದರು. ಕೇಳಿದರೆ, "ಕಾಲ್ ಜಾರ್ತು" ಅಂದರು. ನಿಜ ಗೊತ್ತಾಗಿದ್ದು ಹಾಲಿನ ಡೈರಿಯಲ್ಲಿ. ಮಂಜಿನಲ್ಲಿ ಕಾಣದೆ ಇನ್ನೊಂದು ದೋಣಿ ಬಂದು ಗುದ್ದಿತ್ತು. ಗುದ್ದಿದವನೇ ಇವರನ್ನು ನೀರಿನಿಂದ ಎಳೆದು ಹಾಕಿದ್ದನಂತೆ.

ಅಂದಿನಿಂದ, ಅವರು ಎದ್ದು ಹೋದ ಮೇಲೆ ನನಗೆ ನಿದ್ದೆಯೆಂಬುದೇ ಇರಲಿಲ್ಲ. ಬಾಗಿಲಲ್ಲಿ ಹೆಜ್ಜೆ ಸದ್ದು ಕೇಳುವವರೆಗೂ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ದೋಣಿಗೊಂದು ದೀಪ ಹಾಕಿಸಿ ಅಂದರೆ, "ಎದುರ್ಕೊಳೋರು ದೀಪ ಇಟ್ಕೊಂಡು ಓಯ್ತಾರೆ" ಅನ್ನುವ ಉತ್ತರ. ನಾನೂ ಸುಲಭಕ್ಕೆ ಬಗ್ಗುವವಳಲ್ಲ. ಚಿನಕುರಳಿಗೆ ಬಸ್ಸು ಹತ್ತಿದೆ.

ಮುಂದಿನ ಭಾನುವಾರವೇ ಚಿಕ್ಕಪ್ಪ ಬಂದಿಳಿದರು. ದಡದ ಮೇಲೆಳೆದಿದ್ದ ದೋಣಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚತೊಡಗಿದರು. ಮುಂದೆ ಜೋಡಿ ಹೆಡ್‌ಲೈಟು, ಹಿಂದೆ ಕೆಂಪು ದೀಪ, ಎಡಕ್ಕೂ ಬಲಕ್ಕೂ ಇಂಡಿಕೇಟರು, ನಡುವೆ ದೊಡ್ಡದೊಂದು ಹಾರನ್ನು.

"ಮಾವ, ನಾನು ಮೀನು ಹಿಡಿಯಕ್ಕೆ ಓಗೋದೋ, ಮೆರವಣಿಗೆ ಓಗೋದೋ?" ಎಂದು ಯಜಮಾನರು ಕೇಳಿದರು.

"ಒಂದೇ ದೀಪ ಸಾಕು ಚಿಕ್ಕಪ್ಪ. ಎದುರಿಗೆ ಬರೋರ್ಗೆ ಇವ್ರು ಕಂಡ್ರಾಯ್ತು" ಅಂದೆ ನಾನು. ಚಿಕ್ಕಪ್ಪ ಒಂದೊಂದಾಗಿ ಅಳಿಸಿದರು. ಹಾರನ್ನು ಅಳಿಸುವಾಗ ಮಾತ್ರ ಮುಖ ಸಣ್ಣದಾಯಿತು.

ಯಜಮಾನರು ಷರತ್ತು ಹಾಕಿದರು. "ಮೊದಲ್ನೇ ಸಲಕ್ಕೇ ಉರೀಬೇಕು. ಉರೀನಿಲ್ಲ ಅಂದ್ರೆ ಎಲ್ಲ ಬಿಚ್ಕೊಂಡು ಓಗ್ಬೇಕು. ಆಮೇಲೆ ಇವ್ಳು ದೀಪದ ಮಾತೇ ಎತ್ಬಾರ್ದು."

"ಆಯ್ತು ಕಣಪ್ಪ" ಎಂದು ಚಿಕ್ಕಪ್ಪ ಒಪ್ಪಿಯೇಬಿಟ್ಟರು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಓಡಿಸುವವನ ಕೈಕಾಲು ಆಡುವ ರೀತಿ ನೋಡದೆ ಚಿಕ್ಕಪ್ಪ ಯಾವ ಗಾಡಿಗೂ ವೈರು ಎಳೆದವರಲ್ಲ. ಅಳಿಯನನ್ನು ಒಣ ನೆಲದ ಮೇಲಿದ್ದ ದೋಣಿಯಲ್ಲೇ ಕೂರಿಸಿ, "ಊಂ, ಉಟ್ಟಾಕು. ಈಗ ಬಲೆ ಎಳಿ" ಅಂದರು. ಇಲ್ಲದ ನೀರಿನಲ್ಲಿ ಹುಟ್ಟು ಹಾಕುತ್ತ, ಇಲ್ಲದ ಬಲೆ ಎಳೆಯುತ್ತ ಯಜಮಾನರು ಬೆವರಿದರು. ದನ ಮೇಯಿಸುವವರು ಬಿದ್ದು ಬಿದ್ದು ನಕ್ಕರು. ಕಾಲು ಬೀಸಿದ ಕಡೆಯೆಲ್ಲ ಚಿಕ್ಕಪ್ಪ ಗೆರೆ ಎಳೆದು, ಅಲ್ಲಿ ವೈರು ಬರಕೂಡದು ಎಂದರು. ಬ್ಯಾಟರಿಯಷ್ಟೇ ತೂಕದ ಜಲ್ಲಿ ಚೀಲವನ್ನು ಹಿಂದಕ್ಕೆ, ಪಕ್ಕಕ್ಕೆ ಇಟ್ಟು, ದೋಣಿಯನ್ನು ನೀರಿಗೆ ತಳ್ಳಿ ಎತ್ತ ವಾಲುತ್ತದೆಂದು ನೋಡಿದರು. ಕೊನೆಗೆ ನಟ್ಟನಡುವೆ, ತಳದ ನೀರು ತಾಗದಂತೆ ಹಲಗೆಯ ಮೇಲೆ ಜಾಗ ಸಿಕ್ಕಿತು. ಬ್ಯಾಟರಿಗೊಂದು ಮರದ ಪೆಟ್ಟಿಗೆ, ಗಾಳಿಯಾಡಲು ಮುಚ್ಚಳಕ್ಕೆ ತೂತು, ಪಕ್ಕದಲ್ಲೇ ಫ್ಯೂಸು, ಎಡಗೈಗೆ ಸಿಗುವಂತೆ ಸ್ವಿಚ್ಚು, ತಲೆಗಿಂತ ಎತ್ತರದ ಬಿದಿರಿನ ತುದಿಗೆ ದೀಪ.

ಮುಂದಿನ ವಾರ ಎಲ್ಲ ಜೋಡಿಸಿ ಮುಗಿಸುವಾಗ ಸಂಜೆಯಾಗಿತ್ತು. ಅರ್ಧ ಊರೇ ದಡದಲ್ಲಿ ನಿಂತಿತ್ತು. ಚಿಕ್ಕಪ್ಪ ಅಂಗಿ ಸರಿಮಾಡಿಕೊಂಡು ಸ್ವಿಚ್ಚು ಒತ್ತಿದರು.

ಉರಿಯಲಿಲ್ಲ. ಬಲ್ಬು ತೆಗೆದು ನೋಡಿದರು, ಚೆನ್ನಾಗಿತ್ತು. ಫ್ಯೂಸೂ ಸರಿಯಿತ್ತು. ಯಜಮಾನರು ಕೈಕಟ್ಟಿ, "ಬಿಚ್ಚಿ ಮಾವ" ಅಂದರು. ಇನ್ನು ಬಾಳೆಲ್ಲ ಬಾಗಿಲು ಕಾಯುವುದೇ ನನ್ನ ಹಣೆಬರಹ ಅಂದುಕೊಂಡೆ.

ಚಿಕ್ಕಪ್ಪ ಬ್ಯಾಟರಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದವರು ಹಾಗೇ ಕುಳಿತು, ದೋಣಿ ಅಲುಗುವಂತೆ ನಗತೊಡಗಿದರು. "ಮರಕ್ಕೆ ಬಾಡಿ ಅರ್ತು ಕೊಟ್ಟಿವ್ನಿ ಕಣ್ರಪ್ಪ. ಬನ್ನಿ, ಎಲ್ರೂ ಬಂದು ನೋಡ್ಕಳಿ."

ಟ್ರಾಕ್ಟರಿನಲ್ಲಿ ದೀಪಕ್ಕೆ ಹೋಗುವುದು ಒಂದೇ ವೈರು. ಕರೆಂಟು ಬ್ಯಾಟರಿಗೆ ವಾಪಸು ಬರುವುದಕ್ಕೆ ಗಾಡಿಯ ಕಬ್ಬಿಣದ ಮೈಯೇ ದಾರಿ; ಅದಕ್ಕೇ ಬಾಡಿ ಅರ್ತು ಅನ್ನುವುದು. ಅದೇ ರೂಢಿಯಲ್ಲಿ ಅವರ ಕೈ ಬ್ಯಾಟರಿಯ ಒಂದು ತುದಿಯನ್ನು ದೋಣಿಯ ಬೋಲ್ಟಿಗೆ, ದೀಪದ ಒಂದು ತುದಿಯನ್ನು ಇನ್ನೊಂದು ಬೋಲ್ಟಿಗೆ ಬಿಗಿದಿತ್ತು. ನಡುವೆ ಇದ್ದದ್ದು ಬರೀ ಮರ.

"ತಪ್ಪು ನಂದೇಯ. ಮಾತು ಕೊಟ್ಟಿವ್ನಿ, ಬಿಚ್ತೀನಿ" ಎಂದು ಸ್ಪ್ಯಾನರ್ ಕೈಗೆತ್ತಿಕೊಂಡರು. ಮುಖದಲ್ಲಿ ಇನ್ನೂ ನಗು ಇತ್ತು. ಅಷ್ಟು ಜಂಬದ ಮನುಷ್ಯ ಅಷ್ಟು ಜನರೆದುರು ಅಷ್ಟು ಹಗುರವಾಗಿ ಸೋತಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಯಜಮಾನರು ಅವರನ್ನೇ ನೋಡುತ್ತಿದ್ದರು. ಆಮೇಲೆ ನೀರಿನ ಕಡೆ ತಿರುಗಿ ಹೇಳಿದರು: "ಇರ್ಲಿ ಬುಡಿ ಮಾವ, ಇನ್ನೊಂದು ವೈರ್ ಎಳೀರಿ. ಆವತ್ತು ನಾನು ಕಾಲ್ ಜಾರಿ ಬಿದ್ದಿರ್ನಿಲ್ಲ. ದೋಣಿ ಗುದ್ತು. ಬೋ ಎದುರ್ಕೊಂಡಿದ್ದೆ."

ದಡದಲ್ಲಿ ಯಾರೂ ನಗಲಿಲ್ಲ. "ನೀರು ಕಣಪ್ಪ ಅದು. ಎದುರ್ಕಬೇಕು" ಎಂದು ಚಿಕ್ಕಪ್ಪ ವೈರಿನ ಒಂದು ತುದಿಯನ್ನು ಅಳಿಯನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಎಳೆದರು. ದೀಪ ಉರಿಯಿತು.

ಎರಡು ಚಳಿಗಾಲ ಕಳೆದ ಮೇಲೆ, ಅಂಥದೇ ಮಂಜಿನಲ್ಲಿ ನೇರ ಎದುರಿಗೆ ಬಂದ ದೋಣಿಯೊಂದು ಆ ದೀಪ ಕಂಡು ಪಕ್ಕಕ್ಕೆ ಹೊರಳಿತು. ಯಜಮಾನರು ಅವತ್ತು ಸಿಕ್ಕ ಮೀನನ್ನೆಲ್ಲ ಚಿನಕುರಳಿಗೆ ಹೊತ್ತುಕೊಂಡು ಹೋದರು. ಚಿಕ್ಕಪ್ಪ ಕಥೆಯೆಲ್ಲ ಕೇಳಿ, "ಆರನ್ ಇದ್ದಿದ್ರೆ ಅವ್ನಿಗೆ ನಾಕು ಬಯ್ದಂಗೂ ಆಗೋದು" ಅಂದರಂತೆ.

ಚಿಕ್ಕಪ್ಪ ತೀರಿಕೊಂಡು ಬಹಳ ವರ್ಷವಾಯಿತು. ನಮ್ಮ ಯಜಮಾನರು ಗಟ್ಟಿಯಾಗಿ ಅತ್ತದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. ಈಗ ಅವರಿಗೂ ವಯಸ್ಸಾಗಿ ದೋಣಿ ಬಿಟ್ಟಿದ್ದಾರೆ. ನಾನು ಮಾತ್ರ ಹಳೇ ಅಭ್ಯಾಸದಂತೆ ಬೆಳಗಿನ ಜಾವಕ್ಕೇ ಏಳುತ್ತೇನೆ. ಪಕ್ಕದಲ್ಲಿ ಇವರ ಗೊರಕೆ ಮನೆ ತುಂಬಿರುತ್ತದೆ. ಅದನ್ನು ಒಂದು ಗಳಿಗೆ ಕೇಳಿಸಿಕೊಂಡು ಚಿಕ್ಕಪ್ಪನಿಗೆ ಕೈ ಮುಗಿಯುತ್ತೇನೆ. ದೇವರ ಸರದಿ ಆಮೇಲೆ.